ಎಂಬತ್ತಮೂರು ಅಕ್ಷರ, ಮೂವತ್ತು ಕಂಠ

ಬಸವಣ್ಣನವರ ‘ಕಳಬೇಡ ಕೊಲಬೇಡ’ ವಚನವನ್ನು ಒಂದು ಹಾಳೆಯ ಮೇಲೆ ಬರೆದು ಅಕ್ಷರ ಎಣಿಸಿ ನೋಡಬೇಕು. ಒತ್ತಕ್ಷರವನ್ನೂ ಸೊನ್ನೆ ಕೂಡಿದ ಅಕ್ಷರವನ್ನೂ ಒಂದೊಂದೇ ಎಂದು ಹಿಡಿದರೆ, ಶಾಲೆಯಲ್ಲಿ ನಾವೆಲ್ಲ ಬಾಯಿಪಾಠ ಮಾಡಿದ ರೂಪದಲ್ಲಿ ಸಿಗುವುದು 83 ಅಕ್ಷರ. ಪಾಠಾಂತರವಿದ್ದಲ್ಲಿ ಒಂದೆರಡು ಹೆಚ್ಚಾದೀತು. ಪದ 21, ಸಾಲು ಐದು. ಏಳು ಸಲ ‘ಬೇಡ’, ಮೂರು ಸಲ ‘ಇದೇ’. ನಿಧಾನವಾಗಿ ಓದಿದರೂ ಇಪ್ಪತ್ತು ಸೆಕೆಂಡು ಹಿಡಿಯುವುದಿಲ್ಲ.

ಸಾಲುಗಳನ್ನು ಬೇರೆ ಬೇರೆಯಾಗಿ ಎಣಿಸಿದರೆ ಇನ್ನೂ ಒಂದು ವಿಷಯ ಗೊತ್ತಾಗುತ್ತದೆ. ಮೊದಲ ಸಾಲಿಗೆ 17 ಅಕ್ಷರ, ಆಮೇಲಿನ ಮೂರಕ್ಕೂ 16, 16, 16, ಕೊನೆಯದಕ್ಕೆ 18. ಷಟ್ಪದಿಯಲ್ಲ, ರಗಳೆಯಲ್ಲ, ಗಣ ಹಾಕಿ ಪ್ರಾಸ ಹಿಡಿದು ಕಟ್ಟಿದ್ದಲ್ಲ. ಎದುರಿಗೆ ಕೂತವರೊಡನೆ ಆಡಿದ ಮಾತು ಇದು. ಆಡಿದ ಮಾತೇ ಹೀಗೆ ತಕ್ಕಡಿಯಲ್ಲಿ ತೂಗಿದ ಹಾಗೆ ಬಂದಿದೆ. ಹಾಡುವವರಿಗೆ ಇದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ. ಹದಿನಾರು ಮಾತ್ರೆಯ ತೀನ್‌ತಾಳಕ್ಕಾಗಲಿ ಎಂಟು ಮಾತ್ರೆಯ ಕೆಹರವಾಕ್ಕಾಗಲಿ ಈ ಸಾಲುಗಳನ್ನು ಕೂರಿಸಲು ಯಾರೂ ತಿಣುಕಬೇಕಾಗಿಲ್ಲ. ಅವು ತಾವೇ ಹೋಗಿ ಕೂರುತ್ತವೆ.

ಈ ಮಾತು ಹುಟ್ಟಿದ ಕಾಲದ ಕಲ್ಯಾಣ ಈಗ ನಮ್ಮ ಬೀದರ್ ಜಿಲ್ಲೆಯ ಬಸವಕಲ್ಯಾಣ. ಜಿಲ್ಲೆಯ ವಿಸ್ತೀರ್ಣ 5,448 ಚದರ ಕಿಲೋಮೀಟರ್, 2011ರ ಜನಗಣತಿಯ ಪ್ರಕಾರ ಜನ 17 ಲಕ್ಷ. ರಾಜ್ಯದ ನಕಾಶೆಯಲ್ಲಿ ತುತ್ತತುದಿ. ಬೆಂಗಳೂರಿಂದ ಏಳುನೂರು ಕಿಲೋಮೀಟರ್ ದೂರ, ಹೈದರಾಬಾದಿಗೆ ಅದರ ಕಾಲುಭಾಗದಷ್ಟೂ ಇಲ್ಲ. ಕನ್ನಡದ ನಡುವೆ ಮರಾಠಿ, ಉರ್ದು, ತೆಲುಗು, ಲಂಬಾಣಿ ಕೇಳುವ ನೆಲ ಇದು. ಇಲ್ಲಿ ಆಡಿದ 83 ಅಕ್ಷರ ಎಂಟೂವರೆ ಶತಮಾನದಲ್ಲಿ ಎಷ್ಟು ಬಗೆಯಾಗಿ ಹಾಡಾಯಿತು, ಇನ್ನೆಷ್ಟು ಬಗೆಯಾಗಿ ಹಾಡಾಗಬಹುದು ಎಂದು ಲೆಕ್ಕ ಹಾಕಲು ಹೋದರೆ ಬೆರಗು ಹಿಡಿಯುತ್ತದೆ.

ಒಂದೇ ಹಾಡನ್ನು ಬೇರೆ ಬೇರೆಯವರು ಹಾಡಿ ಧ್ವನಿಮುದ್ರಿಸುವುದು ಲೋಕದಲ್ಲೆಲ್ಲ ಇದೆ. ಅಮೆರಿಕದ ಹಳ್ಳಿಗಾಡಿನ ಕಂಟ್ರಿ ಸಂಗೀತದಲ್ಲಿ ಡಾಲಿ ಪಾರ್ಟನ್ 1974ರಲ್ಲಿ ಹಾಡಿದ ‘ಐ ವಿಲ್ ಆಲ್ವೇಸ್ ಲವ್ ಯು’ ಅವರ ಬಾಯಲ್ಲೇ 1982ರಲ್ಲಿ ಇನ್ನೊಮ್ಮೆ ಬಂತು. 1992ರಲ್ಲಿ ವಿಟ್ನಿ ಹ್ಯೂಸ್ಟನ್ ಹಾಡಿದಾಗ ಅಲ್ಲಿನ ಪಟ್ಟಿಯಲ್ಲಿ 14 ವಾರ ಮೊದಲ ಸ್ಥಾನದಲ್ಲಿ ನಿಂತಿತು. ಬೀಟಲ್ಸ್ ತಂಡದ ‘ಯೆಸ್ಟರ್‌ಡೇ’ ಬಂದದ್ದು 1965ರಲ್ಲಿ. 1986ರ ಹೊತ್ತಿಗೆ ಅದರ 1,600 ಧ್ವನಿಮುದ್ರಣಗಳಾಗಿದ್ದವೆಂದು ಗಿನ್ನೆಸ್ ಪುಸ್ತಕ ದಾಖಲಿಸಿತು. ಇಪ್ಪತ್ತೊಂದು ವರ್ಷಕ್ಕೆ ಸಾವಿರದ ಆರುನೂರು ಎಂದರೆ ಸಣ್ಣ ಮಾತಲ್ಲ. ಆದರೆ ಆ ಸಾವಿರದ ಆರುನೂರರಲ್ಲೂ ರಾಗ ಒಂದೇ. ಪಾಲ್ ಮೆಕಾರ್ಟ್ನಿ ಕಟ್ಟಿದ ಧಾಟಿಯನ್ನು ಒಬ್ಬರು ನಿಧಾನ ಮಾಡಿದರು, ಒಬ್ಬರು ತಂತಿವಾದ್ಯ ಸೇರಿಸಿದರು, ಒಬ್ಬರು ಸ್ಯಾಕ್ಸೋಫೋನಿನಲ್ಲಿ ನುಡಿಸಿದರು. ಧಾಟಿ ಬಿಟ್ಟರೆ ಅದು ಆ ಹಾಡೇ ಅಲ್ಲ.

ವಚನದ ಸಂಗತಿ ಬೇರೆ. ಶರಣರಲ್ಲಿ ಸ್ವರವಚನ ಎಂಬ ಪ್ರಕಾರವೇ ಇತ್ತು. ಅವಕ್ಕೆ ಪಲ್ಲವಿ ಇರುತ್ತದೆ, ಓಲೆಗರಿಯಲ್ಲಿ ರಾಗತಾಳದ ಹೆಸರೂ ಇರುತ್ತದೆ. ನಾನು ಹೇಳುತ್ತಿರುವ ಈ ವಚನಕ್ಕೆ ಅಂಥ ಯಾವ ಕಟ್ಟೂ ಇಲ್ಲ. ಮಾತನ್ನು ಕೊಟ್ಟರು, ಧಾಟಿಯನ್ನು ಹಾಡುವವರ ಪಾಲಿಗೆ ಬಿಟ್ಟರು. ಹಾಗೆ ಬಿಟ್ಟದ್ದರ ಅಳತೆ ಎಷ್ಟೆಂದು ಸಂಗೀತಶಾಸ್ತ್ರದ ಹಳೆಯ ಲೆಕ್ಕವೊಂದರಿಂದಲೇ ನೋಡಬಹುದು.

ಏಳು ಸ್ವರದ ಒಂದು ಮೇಳವನ್ನು ತಗೊಳ್ಳಿ. ಷಡ್ಜ ಬಿಡುವಂತಿಲ್ಲ. ಏಳೂ ಸ್ವರ ಇಟ್ಟುಕೊಂಡರೆ ಒಂದು ಬಗೆ. ಉಳಿದ ಆರರಲ್ಲಿ ಒಂದನ್ನು ಬಿಟ್ಟರೆ ಆರು ಬಗೆ, ಎರಡನ್ನು ಬಿಟ್ಟರೆ ಹದಿನೈದು ಬಗೆ. ಒಟ್ಟು 22. ಏರುವಾಗ ಈ 22ರಲ್ಲಿ ಯಾವುದಾದರೂ ಒಂದು, ಇಳಿಯುವಾಗ ಯಾವುದಾದರೂ ಒಂದು, ಅಲ್ಲಿಗೆ 484. ಮೇಳಕರ್ತರಾಗಗಳು 72. ಗುಣಿಸಿದರೆ 34,848 ರಾಗದ ಚೌಕಟ್ಟು. ಇವೆಲ್ಲ ಬಳಕೆಯ ರಾಗಗಳಲ್ಲ. ಗವಾಯಿಗಳು ನಿತ್ಯ ಹಾಡುವುದು ಕೆಲವು ನೂರು ಮಾತ್ರ. ಆದರೂ ಲೆಕ್ಕಕ್ಕೆ ಬಾಗಿಲು ಮುಚ್ಚಿಲ್ಲ. ಇನ್ನು ತಾಳಕ್ಕೆ ಬನ್ನಿ. ತೀನ್‌ತಾಳ, ಝಪ್‌ತಾಳ, ರೂಪಕ, ದಾದರಾ, ಕೆಹರವಾ ಈ ಐದನ್ನೇ ಹಿಡಿದರೂ 1,74,240 ರೂಪಗಳಾದವು. ಒಂದೊಂದು ರೂಪಕ್ಕೆ ನಾಲ್ಕು ನಿಮಿಷ ಕೊಡೋಣ. ಎಪ್ಪತ್ತೆರಡನ್ನು ಐದರಿಂದ, ಮತ್ತೆ ನಾಲ್ಕರಿಂದ ಗುಣಿಸಿದರೆ ಬರುವುದು 1,440. ಒಂದು ಹಗಲು ರಾತ್ರಿಯಲ್ಲಿರುವ ನಿಮಿಷಗಳೂ ಅಷ್ಟೇ, 1,440! ಹಾಗಾಗಿ ಲೆಕ್ಕ ಒಂದು ನಿಮಿಷವೂ ಮಿಗದೆ ಬಂದು ನಿಲ್ಲುತ್ತದೆ. ನಿದ್ದೆ ಊಟ ಬಿಟ್ಟು ಹಾಡಿದರೆ ಸರಿಯಾಗಿ 484 ದಿನ.

ಇದರ ಪಕ್ಕಕ್ಕೆ ಇನ್ನೊಂದು ಎಣಿಕೆ ಇಡುತ್ತೇನೆ. ಕರ್ನಾಟಕ ಸರ್ಕಾರ 1993ರಲ್ಲಿ ಹದಿನೈದು ಸಂಪುಟಗಳಲ್ಲಿ ತಂದ ಸಮಗ್ರ ವಚನ ಸಾಹಿತ್ಯದಲ್ಲಿ ಇಪ್ಪತ್ತು ಸಾವಿರ ಮೀರಿ ವಚನಗಳಿವೆ. ಇಪ್ಪತ್ತು ಸಾವಿರವೆಂದೇ ಇಟ್ಟುಕೊಂಡು, ಒಂದೊಂದನ್ನು ನಾಲ್ಕು ನಿಮಿಷದಂತೆ ಒಂದೊಂದು ಸಲ ಹಾಡಿದರೆ 56 ದಿನದೊಳಗೆ ಮುಗಿಯುತ್ತದೆ. ಎಲ್ಲ ಶರಣರ ಎಲ್ಲ ವಚನಕ್ಕೂ ಐವತ್ತಾರು ದಿನ ಸಾಕು. ಐದು ಸಾಲಿನ ಒಂದೇ ವಚನದ ಬಗೆಗಳಿಗೆ ಒಂದೂಕಾಲು ವರ್ಷ ಸಾಲದು. ಈ ಲೆಕ್ಕ ಕೈಗೆ ಬಂದ ಮೇಲೆ ಯಾವ ಗಾಯಕರ ವಚನ ಕೇಳುವಾಗಲೂ ನನಗೆ ಅನಿಸುವುದು ಇದು: ಈಗ ಕೇಳುತ್ತಿರುವುದು ಒಂದು ಮುಕ್ಕಾಲು ಲಕ್ಷದಲ್ಲಿ ಒಂದು.

ಧ್ವನಿ ಮುದ್ರಿಸುವ ಯಂತ್ರ ಬಂದದ್ದು ತೀರ ಈಚೆಗೆ. ಫ್ರೆಡ್ ಗೈಸ್‌ಬರ್ಗ್ ಎಂಬಾತ ಕಲ್ಕತ್ತೆಗೆ ಬಂದು ಭಾರತದ ಮೊದಲ ಗ್ರಾಮಫೋನ್ ಮುದ್ರಣ ಮಾಡಿದ್ದು 1902ರ ನವೆಂಬರಿನಲ್ಲಿ. ಗಾಯಕಿ ಗೌಹರ್ ಜಾನ್ ಹಾಡಿದ್ದು ಆಗಲೇ. ಆ ತಟ್ಟೆ ನಿಮಿಷಕ್ಕೆ 78 ಸುತ್ತು ತಿರುಗುತ್ತಿತ್ತು, ಒಂದು ಬದಿಗೆ ಮೂರು ನಿಮಿಷದ ಆಚೀಚೆ ಹಾಡು. ಮೂರು ನಿಮಿಷಕ್ಕೆ 234 ಸುತ್ತು. ಹತ್ತಿಂಚಿನ ತಟ್ಟೆಯ ಮೇಲಿನ ಗೆರೆಯನ್ನು ಬಿಡಿಸಿ ನೆಲದ ಮೇಲೆ ಹಾಸಿದರೆ ಸುಮಾರು 125 ಮೀಟರ್ ಆಗುತ್ತದೆ. ಆಮೇಲಿನ ಕ್ಯಾಸೆಟ್ಟಿನಲ್ಲಿ ಸುರುಳಿ ಓಡುವ ವೇಗ ಸೆಕೆಂಡಿಗೆ ಐದು ಸೆಂಟಿಮೀಟರಿಗಿಂತ ತುಸು ಕಡಿಮೆ. ನಾಲ್ಕು ನಿಮಿಷದ ವಚನಕ್ಕೆ ಹನ್ನೊಂದೂವರೆ ಮೀಟರ್ ಟೇಪು ಸಾಕಾಯಿತು. ಸೀಡಿಗೆ ಬಂದಾಗ ಧ್ವನಿ ಬರೀ ಅಂಕಿಯಾಯಿತು. ಸೆಕೆಂಡಿಗೆ 44,100 ಸಲ ಧ್ವನಿಯನ್ನು ಅಳೆದು ಎಡಕ್ಕೊಂದು ಬಲಕ್ಕೊಂದು ಅಂಕಿ ಬರೆದಿಡುತ್ತಾರೆ. ನಾಲ್ಕು ನಿಮಿಷಕ್ಕೆ 2 ಕೋಟಿ 11 ಲಕ್ಷ ಅಂಕಿ. ವಚನದ 83 ಅಕ್ಷರಕ್ಕೆ ಅವನ್ನು ಹಂಚಿದರೆ ಒಂದೊಂದು ಅಕ್ಷರದ ಪಾಲಿಗೆ ಎರಡೂವರೆ ಲಕ್ಷ. ಆಲಾಪವನ್ನು, ಎರಡು ಸಾಲಿನ ನಡುವೆ ತಬಲಾದವರು ತುಂಬುವ ಜಾಗವನ್ನು, ಗಾಯಕ ಉಸಿರು ಎಳೆಯುವ ಸದ್ದನ್ನು ಸೇರಿಸಿಯೇ ಈ ಮಾತು. ಓಲೆಯ ಮೇಲೆ ಲೇಖನಿಯ ಒಂದು ಗೀರು ಸಾಕಾಗಿದ್ದ ‘ಬೇ’ಗೆ ಈಗ ಎರಡೂವರೆ ಲಕ್ಷ ಅಂಕಿ!

ಈ ಯಂತ್ರಗಳ ಮುಂದೆ ಕೂತು ವಚನ ಹಾಡಿದವರಲ್ಲಿ ಮಲ್ಲಿಕಾರ್ಜುನ ಮನ್ಸೂರರದು ದೊಡ್ಡ ಹೆಸರು. ಧಾರವಾಡದ ಮಗ್ಗುಲಿನ ಮನ್ಸೂರಿನಲ್ಲಿ ಹುಟ್ಟಿ, ನಾಟಕ ಕಂಪನಿಯಲ್ಲಿ ಬೆಳೆದು, ಮೀರಜಿನ ನೀಲಕಂಠಬುವಾ ಅವರಲ್ಲಿ, ಆಮೇಲೆ ಜೈಪುರ ಘರಾಣೆಯ ಮಂಜೀಖಾನ್, ಬುರ್ಜೀಖಾನರಲ್ಲಿ ಕಲಿತವರು. ಎಂಬತ್ತು ದಾಟಿ ಬಾಳಿ 1992ರಲ್ಲಿ ತೀರಿಹೋದರು. ಜೈಪುರದ ಆ ಬಿಗುವಾದ ಗಾಯಕಿಯನ್ನು ವಚನಕ್ಕೆ ತಂದರೂ ಮಾತನ್ನು ಎಲ್ಲಿಯೂ ನುಂಗಲಿಲ್ಲ. ತಾನಿನ ಚಮತ್ಕಾರಕ್ಕೆ ಅವರಲ್ಲಿ ಏನು ಕಡಿಮೆ ಇತ್ತು? ಆದರೂ ವಚನಕ್ಕೆ ಬಂದಾಗ ಅಕ್ಷರ ಮುಗಿಯುವ ತನಕ ಸ್ವರ ಕಾಯುತ್ತಿತ್ತು. ಬಸವರಾಜ ರಾಜಗುರುಗಳದು ಇನ್ನೊಂದು ದಾರಿ. ಅದು ಗದುಗಿನ ಪಂಚಾಕ್ಷರಿ ಗವಾಯಿಗಳ ಗರಡಿಯಿಂದ ಬಂದದ್ದು. ಅದೇ ವೀರೇಶ್ವರ ಪುಣ್ಯಾಶ್ರಮದ ಪುಟ್ಟರಾಜ ಗವಾಯಿಗಳ ಶಿಷ್ಯ ವೆಂಕಟೇಶ್ ಕುಮಾರರು ಈಗ ವಚನ ಹಾಡುತ್ತಿದ್ದಾರೆ. ನಮ್ಮ ಸೀಮೆಗೆ ಇನ್ನೂ ಹತ್ತಿರದವರು ರಾಯಚೂರು ಜಿಲ್ಲೆಯ ಸಿದ್ಧರಾಮ ಜಂಬಲದಿನ್ನಿ. ವಚನ ಗಾಯನವೆಂದರೆ ಕಲ್ಯಾಣ ಕರ್ನಾಟಕದ ಹಿರಿಯರ ಬಾಯಲ್ಲಿ ಈಗಲೂ ಮೊದಲು ಬರುವುದು ಅವರ ಹೆಸರು. ಗದುಗಿನ ಆ ಇಬ್ಬರೂ ಗವಾಯಿಗಳಿಗೆ ಕಣ್ಣು ಕಾಣುತ್ತಿರಲಿಲ್ಲ. ನೂರಾರು ಶಿಷ್ಯರಿಗೆ ದಾಟಿಸಿದ್ದೆಲ್ಲ ಕಿವಿಯಿಂದ ಕೇಳಿ ನೆನಪಿನಲ್ಲಿಟ್ಟದ್ದು.

ಸಿನಿಮಾದ ಪಾಲೂ ಇದೆ. 1959ರ ‘ಜಗಜ್ಯೋತಿ ಬಸವೇಶ್ವರ’ದಲ್ಲಿ ಹೊನ್ನಪ್ಪ ಭಾಗವತರು ಬಸವಣ್ಣನಾದರು. 1983ರಲ್ಲಿ ‘ಕ್ರಾಂತಿಯೋಗಿ ಬಸವಣ್ಣ’ ಬಂತು. ಮಠಕ್ಕೂ ಕಛೇರಿಗೂ ಹೋಗದವರ ಕಿವಿಗೆ ವಚನ ಮುಟ್ಟಿದ್ದು ಟೂರಿಂಗ್ ಟಾಕೀಸಿನಲ್ಲಿ. ರೇಡಿಯೋದ ಕಥೆಯಲ್ಲಿ ಒಂದು ವಿಚಿತ್ರವಿದೆ. ಧಾರವಾಡ ಆಕಾಶವಾಣಿ ಶುರುವಾದದ್ದು 1950ರಲ್ಲಿ, ನಮ್ಮ ಕಲಬುರಗಿಯದು 1966ರಲ್ಲಿ. ಆದರೆ ಆಕಾಶವಾಣಿಯಲ್ಲಿ 1940ರಿಂದ 1971ರವರೆಗೆ ಹಾರ್ಮೋನಿಯಂಗೆ ನಿಷೇಧವಿತ್ತು. ನಮ್ಮ ಕಡೆಯ ಭಜನೆಯೆಂದರೆ ಪೇಟಿಯಿಲ್ಲದೆ ಏಳುವುದೇ ಇಲ್ಲ. ಆ ನಿಷೇಧ ಇದ್ದಷ್ಟು ಕಾಲ ರೇಡಿಯೋದ ವಚನ ಬೇರೆಯೇ ಆಗಿತ್ತು, ಗುಡಿಯ ಜಗಲಿಯ ವಚನ ಬೇರೆಯೇ ಆಗಿತ್ತು.

ಈಗ ಹಿಂದಕ್ಕೆ ಹೋಗೋಣ. ಕಲ್ಯಾಣದ ಕ್ರಾಂತಿ 1160ರ ದಶಕದ್ದು. ಅಲ್ಲಿಂದ 1902ಕ್ಕೆ 740 ವರ್ಷ. ಯಂತ್ರವಿರುವ ಕಾಲ ವಚನದ ಆಯುಸ್ಸಿನಲ್ಲಿ ಏಳರಲ್ಲಿ ಒಂದು ಪಾಲು. ಉಳಿದ ಆರು ಪಾಲು, ಎಂದರೆ 2 ಲಕ್ಷ 70 ಸಾವಿರ ಬೆಳಗುಗಳು, ಯಾವ ಯಂತ್ರವೂ ಇಲ್ಲದೆ ಕಳೆದವು. ಕಲ್ಯಾಣ ಹೊತ್ತಿ ಉರಿದಾಗ ಶರಣರು ಓಲೆಕಟ್ಟು ಹೊತ್ತು ಉಳವಿಯ ಕಡೆ ಹೊರಟರು. ಬಸವಕಲ್ಯಾಣದಿಂದ ಉಳವಿಗೆ ನಕಾಶೆಯಲ್ಲಿ ನೇರ ಗೆರೆ ಎಳೆದರೂ ನಾನೂರು ಕಿಲೋಮೀಟರ್, ಕಾಡಿನ ದಾರಿಯಲ್ಲಿ ಇನ್ನೆಷ್ಟೋ. ವಿಜಯನಗರದ ಕಾಲದಲ್ಲಿ ನೂರೊಂದು ವಿರಕ್ತರು ಮತ್ತೆ ಕೂಡಿಸಿದರು, ಪ್ರತಿ ಮಾಡಿಸಿದರು. ಓಲೆಗರಿ ಅಕ್ಷರವನ್ನು ಕಾಯಿತು. ಧಾಟಿಯನ್ನು ಕಾಯಲು ಕಂಠವೇ ಬೇಕು.

ಎಷ್ಟು ಕಂಠ? ಇಲ್ಲಿ ಲೆಕ್ಕ ತಿರುವು ತಗೊಳ್ಳುತ್ತದೆ. ಇಷ್ಟು ಹೊತ್ತು ಅಂಕಿ ಹಿಗ್ಗುತ್ತಲೇ ಹೋಯಿತು, ಈಗ ಕುಗ್ಗುತ್ತದೆ. ಒಬ್ಬರು ಇನ್ನೊಬ್ಬರಿಗೆ ಕಲಿಸಲು ಇಪ್ಪತ್ತೈದು ವರ್ಷದ ಒಂದು ತಲೆಮಾರು ಎಂದು ಹಿಡಿದರೆ 740 ವರ್ಷಕ್ಕೆ ಬೇಕಾಗುವುದು ಮೂವತ್ತು ಜನ. ಅಜ್ಜಿಯಿಂದ ನೇರ ಮೊಮ್ಮಗಳಿಗೆ ಬಂದರೆ ಹದಿನೈದೇ ಜನ ಸಾಕು. ಬಸವಣ್ಣನವರ ಎದುರಿಗೆ ಕೂತು ಕೇಳಿದವರಿಂದ ಹಿಡಿದು ಗ್ರಾಮಫೋನಿನ ಕೊಂಬಿನ ಮುಂದೆ ಬಂದು ನಿಂತವರವರೆಗೆ ಮೂವತ್ತು ಜನರ ಸಾಲು. ಭಾಲ್ಕಿಯಿಂದ ಬೀದರಿಗೆ ಬರುವ ಸರ್ಕಾರಿ ಬಸ್ಸಿನಲ್ಲಿ ಅಷ್ಟೂ ಜನರಿಗೆ ಸೀಟು ಸಿಕ್ಕು ಇನ್ನೂ ಹತ್ತು ಹದಿನೈದು ಸೀಟು ಖಾಲಿ ಉಳಿಯುತ್ತವೆ. ಒಂದು ಸಾಲಿನಲ್ಲಿ ಯಾರೋ ಒಬ್ಬರು ಕಲಿಸದೆ ಕಣ್ಣು ಮುಚ್ಚಿದರೆ ಆ ಧಾಟಿ ಅಲ್ಲಿಗೆ ನಿಂತಿತು. ನಿಂತ ಸಾಲುಗಳು ಎಷ್ಟೋ. ನಿಲ್ಲದವು ಕೆಲವಾದರೂ ಇದ್ದದ್ದರಿಂದ ಹಾಡುವ ರೂಢಿ ನಮ್ಮವರೆಗೆ ಬಂತು.

ಹಾಗೆ ನಿಂತುಹೋಗಬಹುದಾಗಿದ್ದ ಹೊತ್ತು ನಮ್ಮ ಜಿಲ್ಲೆಯಲ್ಲೇ ಬಂದಿತ್ತು. ಫ.ಗು. ಹಳಕಟ್ಟಿಯವರು ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಅಚ್ಚು ಹಾಕಿಸಿದ್ದು 1923ರಲ್ಲಿ. ಮನೆ ಮಾರಿ ವಿಜಯಪುರದಲ್ಲಿ ಸ್ವಂತ ಮುದ್ರಣಾಲಯ ಮಾಡಿದ್ದು 1925ರಲ್ಲಿ. ವಿಜಯಪುರದಿಂದ ಭಾಲ್ಕಿಗೆ ನೇರ ಗೆರೆಯಲ್ಲಿ ಇನ್ನೂರು ಕಿಲೋಮೀಟರ್ ಆಸುಪಾಸು. ಆದರೆ ವಿಜಯಪುರ ಮುಂಬಯಿ ಪ್ರಾಂತಕ್ಕೆ ಸೇರಿತ್ತು, ಭಾಲ್ಕಿ ನಿಜಾಮನ ಸಂಸ್ಥಾನಕ್ಕೆ. ಅಲ್ಲಿ ವಚನ ಅಚ್ಚಾಗುತ್ತಿದ್ದಾಗ, ವಚನ ಹುಟ್ಟಿದ ಈ ನೆಲದ ಮಕ್ಕಳು ಕಲಿಯಬೇಕಾಗಿದ್ದದ್ದು ಉರ್ದುವಿನಲ್ಲಿ. ಉರ್ದು ನಮಗೆ ಪರಕೀಯವಲ್ಲ, ಬೀದರಿನ ಓಣಿಓಣಿಯ ಮಾತು ಅದು. ಕನ್ನಡಕ್ಕೆ ಶಾಲೆಯೊಳಗೆ ಜಾಗವಿಲ್ಲವಾದದ್ದೇ ಸಂಕಟ.

ಆಗ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಮಾಡಿದ ಕೆಲಸವನ್ನು ಈ ಭಾಗದಲ್ಲಿ ಕೇಳದವರಿಲ್ಲ. ಶಾಲೆಯ ಹೊರಗೆ ಉರ್ದು ಬೋರ್ಡು ಹಾಕಿಸಿದರು, ಒಳಗೆ ಕನ್ನಡ ಕಲಿಸಿದರು. ನನ್ನ ಲೆಕ್ಕದ ಮೂವತ್ತು ಕಂಠಗಳಲ್ಲಿ ಯಾವುದಾದರೂ ಒಂದನ್ನು ದೊಡ್ಡದಾಗಿ ಬರೆಯಬೇಕೆಂದರೆ ನಾನು ಬರೆಯುವುದು ಅವರ ಹೆಸರನ್ನೇ. ಕನ್ನಡದ ಮಗ್ಗಿ, ಕನ್ನಡದ ಕಾಗುಣಿತ, ಅದರ ಜೊತೆಗೆ ವಚನ. ವಚನ ಬರಬೇಕಾದರೆ ಮೊದಲು ಕಾಗುಣಿತ ಬರಬೇಕು ತಾನೆ. 1948ರ ಸೆಪ್ಟೆಂಬರಿನಲ್ಲಿ ನಿಜಾಮನ ಆಳ್ವಿಕೆ ಮುಗಿಯಿತು, 1956ರ ನವೆಂಬರ್ 1ಕ್ಕೆ ಬೀದರ್ ಕನ್ನಡನಾಡಿಗೆ ಸೇರಿತು. ಪಟ್ಟದ್ದೇವರು ನೂರು ದಾಟಿ ಬಾಳಿ 1999ರಲ್ಲಿ ಲಿಂಗೈಕ್ಯರಾದರು. ಒಂದು ಶತಮಾನ ಮೀರಿದ ಒಂದೇ ಆಯುಸ್ಸು. ಅಂಥ ಎಂಟು ಆಯುಸ್ಸುಗಳನ್ನು ತುದಿಗೆ ತುದಿ ಕೂಡಿಸಿದರೆ ಕಲ್ಯಾಣದ ಅಂಗಳಕ್ಕೆ ಹೋಗಿ ಮುಟ್ಟುತ್ತೇವೆ.

ಮಕ್ಕಳ ಪ್ರಾರ್ಥನೆಯ ಲೆಕ್ಕವೂ ಸಣ್ಣದಲ್ಲ. ನೂರು ಮಕ್ಕಳಿರುವ ಒಂದು ಶಾಲೆ ಎಂದುಕೊಳ್ಳಿ. ವರ್ಷಕ್ಕೆ 220 ದಿನ ಬೆಳಗಿನ ಪ್ರಾರ್ಥನೆಯಲ್ಲಿ ಈ ವಚನ ಹೇಳಿದರೆ 22,000 ಬಾಯಿ. ಒಂದೊಂದರಲ್ಲಿ ಏಳು ‘ಬೇಡ’. ಕದಿಯುವುದು, ಕೊಲ್ಲುವುದು, ಸುಳ್ಳಾಡುವುದು, ಸಿಟ್ಟಾಗುವುದು, ಇನ್ನೊಬ್ಬರನ್ನು ಕಂಡು ಅಸಹ್ಯಪಡುವುದು, ತನ್ನನ್ನೇ ಹೊಗಳಿಕೊಳ್ಳುವುದು, ಎದುರಿನವರನ್ನು ಹಳಿಯುವುದು ಈ ಏಳಕ್ಕೂ ಒಂದು ಶಾಲೆಯ ಅಂಗಳದಿಂದ ಒಂದೇ ವರ್ಷಕ್ಕೆ 1,54,000 ‘ಬೇಡ’ ಏಳುತ್ತವೆ. ಮಕ್ಕಳು ಹಾಡುವ ಧಾಟಿಗೆ ರಾಗದ ಹೆಸರು ಕೇಳಿದರೆ ಮೇಷ್ಟ್ರು ನಕ್ಕುಬಿಡುತ್ತಾರೆ. ಆದರೆ ನಲವತ್ತು ವರ್ಷದ ಮೇಲೆ ಆ ಮಗುವಿಗೆ ವಚನ ನೆನಪಾಗುವುದು ಅದೇ ಎಳೆದೆಳೆದು ಹೇಳಿದ ಧಾಟಿಯಲ್ಲಿ, ಮನ್ಸೂರರ ಧಾಟಿಯಲ್ಲಲ್ಲ.

ಬೀದರ್ ನಗರಕ್ಕೆ ಬಂದರೆ ವಚನ ವೇದಿಕೆ ಹತ್ತಿ ಕೂರುತ್ತದೆ. ಜಿಲ್ಲಾ ರಂಗಮಂದಿರಕ್ಕೆ ಚನ್ನಬಸವ ಪಟ್ಟದ್ದೇವರದೇ ಹೆಸರು. ಬಸವಗಿರಿಯ ವಚನ ವಿಜಯೋತ್ಸವದಲ್ಲಿ ವಚನದ ಗ್ರಂಥಗಳನ್ನು ದೇವರಂತೆ ಮೆರವಣಿಗೆ ಮಾಡುತ್ತಾರೆ. ಊರಿಗೆ ಮೂರು ಕಿಲೋಮೀಟರಿನ ಅಷ್ಟೂರಿನಲ್ಲಿ ಬಹಮನಿ ಸುಲ್ತಾನ ಅಹ್ಮದ್ ಶಾಹ್ ವಲಿಯ ಗೋರಿಯಿದೆ. ಆತ ತೀರಿಹೋದದ್ದು 1436ರಲ್ಲಿ. ಗುಮ್ಮಟದ ಒಳಮೈ ತುಂಬ ಬಣ್ಣ, ಪಾರ್ಸಿ ಬರಹ. ಆತನನ್ನು ನಮ್ಮ ಜನ ಅಲ್ಲಮಪ್ರಭುವಿನ ಅವತಾರವೆಂದೇ ನಂಬಿ ನಡೆಯುತ್ತಾರೆ. ಉರುಸಿಗೆ ಕಲಬುರಗಿ ಜಿಲ್ಲೆಯ ಮಾಡಿಯಾಳದಿಂದ ಜಂಗಮರು ಶಂಖ ಊದುತ್ತ ಬರುತ್ತಾರೆ. ಅನುಭವ ಮಂಟಪದ ಶೂನ್ಯಪೀಠವೇರಿದ ಅಲ್ಲಮನಿಗೂ ಸುಲ್ತಾನನಿಗೂ ನಡುವೆ ಮುನ್ನೂರು ವರ್ಷದ ಹತ್ತಿರದ ಅಂತರ. ಅದನ್ನು ಜನರ ಭಕ್ತಿ ಒಂದೇ ಗುಮ್ಮಟದ ಕೆಳಗೆ ಕೂಡಿಸಿದೆ. ಶರಣರು ಇಲ್ಲಿ ಯಾವ ಯಾವ ಬಾಗಿಲಿಂದ ಮನೆಯೊಳಕ್ಕೆ ಬಂದಿದ್ದಾರೆ ಎಂಬುದಕ್ಕೆ ಇದೊಂದೇ ಸಾಕು.

ಇತರ ಭಾಷೆಗಳ ಎಣಿಕೆಯೂ ಇಲ್ಲೇ ಸೇರಬೇಕು. ಬಸವ ಸಮಿತಿಯವರು ಎಂ.ಎಂ. ಕಲಬುರ್ಗಿಯವರ ಸಂಪಾದಕತ್ವದಲ್ಲಿ 2,500 ವಚನ ಆರಿಸಿ 23 ಭಾಷೆಗೆ ಅನುವಾದ ಮಾಡಿಸಿ 2017ರಲ್ಲಿ ಹೊರತಂದರು. ಒಟ್ಟು 57,500 ಅನುವಾದ. ಉರ್ದು, ಮರಾಠಿ, ತೆಲುಗು ಮೂರೂ ಅದರಲ್ಲಿವೆ. ಒಂದು ವಚನಕ್ಕೆ ಒಂದು ಮುಕ್ಕಾಲು ಲಕ್ಷ ರೂಪ ಎಂದೆನಲ್ಲ, ಅದು ಕನ್ನಡ ಒಂದರಲ್ಲೇ. ಇಪ್ಪತ್ಮೂರರಿಂದ ಗುಣಿಸುವ ಕೆಲಸವನ್ನು ಓದುವವರಿಗೇ ಬಿಡುತ್ತೇನೆ.

ನಮ್ಮ ಜಿಲ್ಲೆಯ ಔರಾದಿನಲ್ಲಿ ಹಲವು ಭಾಷೆಯ ಈ ಒಡನಾಟ ಪುಸ್ತಕದ ಸಂಗತಿಯಲ್ಲ, ದಿನದ ಬಾಳು. ಬೀದರಿಂದ ಉತ್ತರಕ್ಕೆ ನಲವತ್ತು ಚಿಲ್ಲರೆ ಕಿಲೋಮೀಟರ್. ಭಾಲ್ಕಿಗೆ ಇರುವ ರೈಲು ಔರಾದಿಗಿಲ್ಲ. ಆಚೆಗೆ ಮಹಾರಾಷ್ಟ್ರ, ತೆಲಂಗಾಣದ ಗಡಿ, ಸುತ್ತ ತಾಂಡಾಗಳು. ಇಲ್ಲಿನ ಹಳ್ಳಿಯ ಭಜನೆಯಲ್ಲಿ ತುಕಾರಾಮರ ಅಭಂಗ ಮುಗಿದ ಬಾಯಲ್ಲೇ ಬಸವಣ್ಣನ ವಚನ ಬರುತ್ತದೆ. ಧಾಟಿ ಎಷ್ಟೋ ಸಲ ಅಭಂಗದ್ದೇ. ಪೇಟಿ ಮಾಸ್ತರು ಭಾತೆ ಒತ್ತುತ್ತ ಕಾಳಿ ಒಂದರಲ್ಲಿ ಸೂರು ಹಚ್ಚುತ್ತಾರೆ. ಹೆಣ್ಣುಮಕ್ಕಳ ಕಡೆಯಿಂದ ಹಿರಿಯಳೊಬ್ಬಳು ಕೂಗಿ ಹೇಳುತ್ತಾಳೆ: “ಮಾಸ್ತರ, ಪಟ್ಟಿ ಬದಲಸ್ರಿ, ನಮಗ ಮ್ಯಾಲಿಂದು ಹತ್ತಲ್ಲ.” ಮಾಸ್ತರು ಬೆರಳು ಸರಿಸುತ್ತಾರೆ. ಢೋಲಕಿಯವ ಸುತ್ತಿಗೆಯಿಂದ ಎರಡೇಟು ಹೊಡೆದು ಅದಕ್ಕೆ ಕೂಡಿಸುತ್ತಾನೆ. ಮೊದಲ ಸಾಲು ಒಬ್ಬರದು, ಎರಡನೇ ಸಲ ಎಲ್ಲರದು. ಏಳನೆಯ ‘ಬೇಡ’ ಬರುವ ಹೊತ್ತಿಗೆ ಲಯ ಇಮ್ಮಡಿಯಾಗಿ, ತಾಳ ಹಿಡಿದವರ ಮೊಣಕೈಯಿಂದ ಬೆವರು ಇಳಿಯುತ್ತಿರುತ್ತದೆ. ನಾಲ್ಕು ನಿಮಿಷದ ಧ್ವನಿಮುದ್ರಣಕ್ಕೆ ಒಗ್ಗಿದ ಕಿವಿಗೆ ಇದು ಇಪ್ಪತ್ತು ನಿಮಿಷವಾದರೂ ಮುಗಿಯದ್ದು ಕಂಡು ಅಚ್ಚರಿಯಾಗಬೇಕು. ಒಂದು ಸಾಲನ್ನು ಹತ್ತು ಸಲ, ಹದಿನೈದು ಸಲ ತಿರುಗಿ ಹಿಡಿಯುತ್ತಾರೆ. 83 ಅಕ್ಷರ ಸಾವಿರ ದಾಟುತ್ತದೆ.

ಈ ಧಾಟಿಗಳು ಯಾವ ತಟ್ಟೆಯಲ್ಲೂ ಯಾವ ಕ್ಯಾಸೆಟ್ಟಿನಲ್ಲೂ ಇಲ್ಲ. ದೊಡ್ಡ ಗವಾಯಿಗಳ ವಚನ ಉಳಿದಿದೆ, ಇನ್ನೂ ನೂರು ವರ್ಷ ಉಳಿಯುತ್ತದೆ, ಅದರ ಚಿಂತೆ ನನಗಿಲ್ಲ. ಚಿಂತೆ ಇರುವುದು ಭಾಲ್ಕಿ, ಔರಾದ್, ಕಮಲನಗರದ ಹಳ್ಳಿಗಳಲ್ಲಿ ಎಪ್ಪತ್ತು ದಾಟಿದವರ ಕಂಠದಲ್ಲಿರುವ ಧಾಟಿಗಳದು. ಅವು ಆ ಸಾಲಿನ ಈಗಿನ ಕಂಠಗಳು. ಮುಂದಿನ ಕಂಠಗಳು ಮೊಬೈಲಿನಲ್ಲಿ ಸಿದ್ಧ ಹಾಡು ಹಾಕಿ ಕೈ ತೊಳೆದುಕೊಳ್ಳುತ್ತಿವೆ.

ಕೆಲಸಕ್ಕೆ ಬೇಕಾದ ಸಾಮಾನಿನ ಲೆಕ್ಕ ಹೇಳಿಬಿಡುತ್ತೇನೆ. ಸೀಡಿ ಗುಣಮಟ್ಟದಲ್ಲಿ ನಾಲ್ಕು ನಿಮಿಷದ ಒಂದು ವಚನಕ್ಕೆ ಹಿಡಿಯುವ ಜಾಗ 42 ಎಂಬಿ. ಉಗುರಿನಗಲದ 64 ಜಿಬಿ ಮೆಮೊರಿ ಕಾರ್ಡಿನಲ್ಲಿ ಅಂಥವು 1,500 ಹಿಡಿಸುತ್ತವೆ. ಬೀದರ್ ಜಿಲ್ಲೆಯಲ್ಲಿ ಸುಮಾರು ಆರುನೂರು ಹಳ್ಳಿಗಳಿವೆ. ಹಳ್ಳಿಗೆ ಎರಡು ಧಾಟಿಯಂತೆ, ಒಂದೊಂದನ್ನು ನಾಲ್ಕು ನಿಮಿಷ ಮುದ್ರಿಸಿದರೂ 1,200. ಕಾರ್ಡಿನಲ್ಲಿ ಇನ್ನೂ ಮುನ್ನೂರಕ್ಕೆ ಜಾಗ ಉಳಿಯುತ್ತದೆ. ಗಿನ್ನೆಸ್ ಪುಸ್ತಕದ ಆ 1,600ರ ಹತ್ತಿರ ನಮ್ಮ ಒಂದೇ ಜಿಲ್ಲೆ ಬಂದು ನಿಲ್ಲುತ್ತದೆ. ಅದೂ ಒಂದೇ ಧಾಟಿಯ ಸಾವಿರ ರೂಪವಲ್ಲ, ಒಂದೇ ಮಾತಿನ ಸಾವಿರ ಧಾಟಿ. ಕಾಲೇಜು ಹುಡುಗರ ಕೈಯಲ್ಲಿರುವ ಫೋನು, ಊರಿಗೊಬ್ಬ ಪೇಟಿ ಮಾಸ್ತರು, ಹಾಡಿದವರ ಹೆಸರು, ವಯಸ್ಸು, ಯಾರಿಂದ ಕಲಿತರು ಎಂದು ಬರೆದುಕೊಳ್ಳಲು ಒಂದು ನೋಟ್‌ಬುಕ್ಕು ಇದ್ದರೆ ಸಾಕು. ಶಿವರಾತ್ರಿಗೆ ಔರಾದಿನ ಅಮರೇಶ್ವರ ಜಾತ್ರೆಯಲ್ಲಿ ಸುತ್ತಲ ಹಳ್ಳಿಯ ಜನ ಕೂಡುತ್ತಾರೆ. ಅಲ್ಲಿಂದಲೇ ಶುರು ಮಾಡಬಹುದು, ಎಲ್ಲರಿಗಿಂತ ಮೊದಲು ವಯಸ್ಸಾದ ಹೆಣ್ಣುಮಕ್ಕಳನ್ನು ಕೂರಿಸಿ, ಅವರಿಗೆ ಹತ್ತುವ ಪಟ್ಟಿಯಲ್ಲಿ ಪೇಟಿ ಹಚ್ಚಿ.